ಹುಣಸೆಹಣ್ಣಲ್ಲಿ ತೊಳೆದ ಸಬ್‌ಮರೀನ್

ಮೊನ್ನೆ ಸಂಪಿಗೆ ರಸ್ತೆಯ ಮೊಬೈಲ್ ರಿಪೇರಿ ಅಂಗಡಿಯವನು ಬೆಸುಗೆ ಹಾಕುತ್ತಿದ್ದ. ಸುಟ್ಟ ರಾಳದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ದೊಡ್ಡಪ್ಪನ ಮೇಲೆ ಸಿಟ್ಟು ಬಂತು. ಹಳೆಯ ಮನೆಯ ವಾಸನೆಗೆ ನಿಮಗೆ ಕಣ್ಣು ತುಂಬಬಹುದು; ನನಗೆ ಮೈ ಉರಿಯುತ್ತದೆ. ಬಳೇಪೇಟೆಯ ನಮ್ಮ ಮನೆಯಲ್ಲಿ ಕೆಳಗೆ ಬಳೆ ಅಂಗಡಿ, ಮೇಲೆ ಸಂಸಾರ, ಅದಕ್ಕೂ ಮೇಲೆ ತಾರಸಿಯ ಒಂಟಿ ಕೋಣೆಯಲ್ಲಿ ನನ್ನ ಚಿಕ್ಕಪ್ಪ. ಅವನು ಹಾಕುವ ಬೆಸುಗೆಯ ರಾಳದ ಹೊಗೆ ಮೆಟ್ಟಿಲಿಳಿದು, ದೊಡ್ಡಮ್ಮನ ಒಗ್ಗರಣೆಯ ಘಾಟಿನೊಂದಿಗೆ ಬೆರೆತು, ಅಂಗಡಿಯಲ್ಲಿ ಬಳೆ ಸುತ್ತಿಡುವ ಒಣಹುಲ್ಲಿನವರೆಗೂ ಬರುತ್ತಿತ್ತು. ಆ ಮನೆ ಈಗಿಲ್ಲ. ಕೆಡವಿ ಕಾಂಪ್ಲೆಕ್ಸ್ ಕಟ್ಟಿದ್ದಾರೆ, ಮೆಟ್ಟಿಲ ಮೂಲೆಯಲ್ಲೆಲ್ಲ ಎಲೆಅಡಿಕೆ ಉಗುಳು.

ಚಿಕ್ಕಪ್ಪನಿಗೆ ನೌಕಾಪಡೆ ಸೇರುವ ಹುಚ್ಚಿತ್ತು. ಟ್ರಂಕು ಹಿಡಿದು ಹೊರಟವನನ್ನು ದೊಡ್ಡಪ್ಪ ಮೆಜೆಸ್ಟಿಕ್ಕಿನಲ್ಲೇ ತೋಳು ಹಿಡಿದು ಎಳೆದು ತಂದರಂತೆ. ಅಂದಿನಿಂದ ಅಂಗಡಿಯಲ್ಲಿ ಬಳೆ ತೊಡಿಸುತ್ತ ಕೂತ. ಬಿಡುವಾದಾಗಲೆಲ್ಲ ಮೇಲೆ ಹೋಗಿ ಸಬ್‌ಮರೀನ್ ಕಟ್ಟಿದ. ಮೊಳದುದ್ದದ ಮರದ ಒಡಲು ಬೇಗ ಮುಗಿದಿತ್ತು. ವರ್ಷಗಟ್ಟಲೆ ಹಿಡಿದದ್ದು ಅದರ ಮೇಲಿನ ಚಿಲ್ಲರೆ ಸಾಮಾನು. ಯಾವುದನ್ನೂ ಕೊಂಡು ತಂದವನಲ್ಲ. ಮುರಿದ ಹಿತ್ತಾಳೆ ಬಳೆಯನ್ನು ತೆಳ್ಳಗೆ ಬಡಿದು, ಹಿಂದಿನಿಂದ ಗುಂಡುಸೂಜಿ ಒತ್ತಿ ರಿವೆಟ್ಟಿನ ಸಾಲು ಎಬ್ಬಿಸುತ್ತಿದ್ದ. ಸಣ್ಣ ತಂತಿಯಲ್ಲಿ ಮೇಲಂಚಿನ ಕಟಕಟೆ, ಬಳೆಚೂರು ತಿರುಚಿ ಪ್ರೊಪೆಲ್ಲರಿನ ರೆಕ್ಕೆ. ರಾಗಿಕಾಳಿನಷ್ಟು ಕೀಲಿನ ಮೇಲೆ ಮುಚ್ಚಳ ನಿಜವಾಗಿ ತೆರೆದುಕೊಳ್ಳುತ್ತಿತ್ತು. ಇಂಜೆಕ್ಷನ್ ಸೂಜಿ ಕತ್ತರಿಸಿ ಪೆರಿಸ್ಕೋಪು ಮಾಡಿದ ದಿನ ಅದನ್ನು ನನ್ನ ಕಣ್ಣಿಗೆ ಹಿಡಿದ. "ಏನೂ ಕಾಣಲ್ಲ ಚಿಕ್ಕಪ್ಪ" ಅಂದೆ. "ನಿಂಗ್ಯಾಕೆ ಕಾಣ್ಬೇಕೇ ಪುಟ್ಟಿ? ಒಳಗಡೆ ಸಿಕ್ಕಾಕೊಂಡಿರೋರ್ಗೆ ಕಾಣ್ಬೇಕು" ಎಂದು ನಕ್ಕ. ಕೊನೆಗೆ ಎಲ್ಲಕ್ಕೂ ಬೂದು ಬಣ್ಣ ಬಳಿದ. ಸಬ್‌ಮರೀನ್ ಹೊಳೆದರೆ ಶತ್ರುವಿನ ಕಣ್ಣಿಗೆ ಬೀಳುತ್ತದಂತೆ.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಅವನು ಬಾಯಿಬಿಟ್ಟು ಕೇಳಿದ: "ಅಣ್ಣಾ, ಈ ಸಲ ಗಲ್ಲಾಪೆಟ್ಟಿಗೆ ಪಕ್ಕ ಇದನ್ನೂ ಇಡ್ಲಾ?" ನಮ್ಮಲ್ಲಿ ವಿಭೂತಿ ಕುಂಕುಮ ಬೀಳುತ್ತಿದ್ದದ್ದು ಅನ್ನ ಕೊಡುವ ಸಾಮಾನಿಗೆ ಮಾತ್ರ. ತಾನು ಮಾಡುವುದೂ ಒಂದು ಕೆಲಸ ಎಂದು ಆ ಮನೆ ಒಪ್ಪಬೇಕಿತ್ತು, ಅವನಿಗೆ ಅಷ್ಟೇ ಸಾಕಿತ್ತು. "ಇಡಪ್ಪ, ಯಾರ್ ಬೇಡ ಅಂದ್ರು" ಎಂದರು ದೊಡ್ಡಪ್ಪ. ಹಿಗ್ಗಿ ಹೀರೇಕಾಯಿಯಾದ ಚಿಕ್ಕಪ್ಪ, ಬೆಳಗ್ಗೆ ಅಂಟಿಸಲೆಂದು ಸಾಮಾನನ್ನೆಲ್ಲ ಬಟ್ಟಲಿಗೆ ಹಾಕಿಟ್ಟು, ಸೇವಂತಿಗೆ ತರಲು ಮಾರ್ಕೆಟ್ಟಿಗೆ ಹೋದ. ದೊಡ್ಡಪ್ಪ ಬಟ್ಟಲನ್ನು ನೋಡಿದರು. "ಹಬ್ಬದ ದಿನ ಹಿತ್ತಾಳೆ ಹಿಂಗ್ ಮಂಕಾಗಿರ್ತದೇನೇ?" ಎಂದು ದೊಡ್ಡಮ್ಮನಿಗೆ ಹೇಳಿದವರೇ, ದೀಪದ ಕಂಬಗಳು ಹುಣಸೆಹಣ್ಣಿನಲ್ಲಿ ನೆನೆಯುತ್ತಿದ್ದ ಬೋಗುಣಿಗೆ ಸುರಿಯಹೋದರು. ನಾನು ಅಡ್ಡ ಕೈಹಾಕಿ ಬಾಚಿದೆ, ಸಿಕ್ಕಿದ್ದು ಒಂದೇ ಚೂರು. ಉಳಿದದ್ದನ್ನೆಲ್ಲ ದೊಡ್ಡಮ್ಮ ತೆಂಗಿನ ನಾರು, ಬೂದಿ ಹಾಕಿ ಗಸಗಸ ಉಜ್ಜಿದರು. ಬಣ್ಣ ಬಿಟ್ಟಿತು, ಬೆಸುಗೆ ಬಿಟ್ಟಿತು, ಕಟಕಟೆ ಕೂದಲಿನುಂಡೆಯಂತೆ ಮುದುಡಿತು, ಎಷ್ಟೋ ಚೂರು ಬಚ್ಚಲ ಮೋರಿ ಸೇರಿತು. ಹೂವು ಹಿಡಿದು ಬಂದ ಚಿಕ್ಕಪ್ಪನಿಗೆ "ನೋಡೋ, ಈಗ್ ಹೆಂಗ್ ಹೊಳೀತದೆ!" ಎಂದರು ದೊಡ್ಡಪ್ಪ. ಅವನು "ಹೂಂ ಅಣ್ಣ" ಎಂದ. ಹೂವನ್ನು ದೊಡ್ಡಮ್ಮನ ಕೈಗೆ ಕೊಟ್ಟು ಮೇಲೆ ಹೋದ. ಆ ಕೋಣೆಯಿಂದ ರಾಳದ ವಾಸನೆ ಮತ್ತೆ ಬರಲಿಲ್ಲ.

ಗೊತ್ತಿಲ್ಲದೆ ಮಾಡಿದ್ದು ಎಂದು ನಮ್ಮವರೆಲ್ಲ ಇವತ್ತಿಗೂ ಹೇಳುತ್ತಾರೆ. ಗೊತ್ತಿಲ್ಲದೆಯಂತೆ! ಮೆಜೆಸ್ಟಿಕ್ಕಿನಲ್ಲಿ ತೋಳು ಹಿಡಿದದ್ದೂ ಗೊತ್ತಿಲ್ಲದೆಯೋ? ಚಿಕ್ಕಪ್ಪ ಸಮುದ್ರ ನೋಡದೆಯೇ ಸತ್ತ. ಮನೆ ಖಾಲಿ ಮಾಡುವಾಗ ಸಬ್‌ಮರೀನನ್ನು ದೊಡ್ಡಪ್ಪ ಮಲ್ಲೇಶ್ವರದ ಫ್ಲ್ಯಾಟಿಗೆ ಒಯ್ದರು. ಉಳಿದ ಸಾಮಾನಿಗೆ ಯಾರ ಕೈಲೋ ಅಂಟು ಹಾಕಿಸಿ ಶೋಕೇಸಿನಲ್ಲಿಟ್ಟಿದ್ದಾರೆ. ಹಿಂದಿರಬೇಕಾದ ಪ್ರೊಪೆಲ್ಲರು ಮೂತಿಯ ಮೇಲಿದೆ. ಈಗ ಪ್ರತಿ ಆಯುಧಪೂಜೆಗೂ ಅದಕ್ಕೆ ಹುಣಸೆಹಣ್ಣಿನ ಸ್ನಾನ, ಕುಂಕುಮ, ಹೂವು. ಬದುಕಿದ್ದವನಿಗೆ ಸಿಗದ ಮರ್ಯಾದೆ! ರಿವೆಟ್ಟಿನ ಸಾಲು ಸವೆದು ಬೆರಳಿಗೂ ಸಿಗುವುದಿಲ್ಲ.

ಈ ಸಲ ಹಬ್ಬಕ್ಕೆ ಹೋಗಿದ್ದೆ. ತೊಂಬತ್ತು ದಾಟಿದ ದೊಡ್ಡಪ್ಪ ಬಂದವರಿಗೆಲ್ಲ "ನಮ್ ತಮ್ಮ ಮಾಡಿದ್ದು, ಭಾರೀ ಬುದ್ಧಿವಂತ" ಎಂದು ತೋರಿಸುತ್ತಿದ್ದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ಸಬ್‌ಮರೀನಿನ ನೆತ್ತಿಯ ತೂತು ಸವರುತ್ತ, "ಇಲ್ಲೊಂದು ಕಡ್ಡಿ ಇತ್ತಲ್ಲೇ, ಎಲ್ಲೋಯ್ತು? ಸಿಕ್ಕಿದ್ರೆ ಪೂರ್ತಿ ಆಗೋದು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಇರಲಿ.

"ನೀವೇ ತೊಳ್ಸಿದ್ರಲ್ಲ ದೊಡ್ಡಪ್ಪ, ಮೋರಿ ಕೇಳಿ" ಎಂದೆ.

ಆ ಪೆರಿಸ್ಕೋಪು ನನ್ನ ಪರ್ಸಿನಲ್ಲೇ ಇತ್ತು, ಅರಿಶಿನದ ಪುಟ್ಟ ಭರಣಿಯೊಳಗೆ ಹತ್ತಿಯಲ್ಲಿ ಸುತ್ತಿ. ಅವನು ಬಳಿದ ಬೂದು ಬಣ್ಣ ಈಗ ಉಳಿದಿರುವುದು ಅದೊಂದರ ಮೇಲೆ.