ಎಡಗಡೆಯ ಸೀಟು

ಹಟ್ಟಿ ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವನು ನಾನು. ನಿವೃತ್ತನಾಗಿ ಸಿಂಧನೂರಿಗೆ ಬಂದ ಮೇಲೆ, ಟಾಪ್ ಇಲ್ಲದ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆ ಎಂದಾಗ ಓಣಿಯವರೆಲ್ಲ ನಕ್ಕರು. "ಟಾಪ್ ಇರೋ ಗಾಡ್ಯಾಗ ಕುಂತ್ರನ ತೆಲಿ ಕಾಯ್ತೈತಿ. ಈ ಬಿಸಲಾಗ ನಿಮಗ್ಯಾಕ್ರೀ ಬೋಳ ಗಾಡಿ?" ಎಂದರು. ನಕ್ಕವರ ಹಲ್ಲು ಉದುರಲಿ. ಯಾರ ಮನೆಯ ಗಂಟನ್ನೂ ನಾನು ಕೇಳಿರಲಿಲ್ಲ.

ಆಸೆ ನನ್ನದು, ಷರತ್ತು ಮಾತ್ರ ನನ್ನ ಹೆಂಡತಿಯದು. ಮದುವೆಯಾದಾಗಿನಿಂದ ಆಕೆ ನನ್ನ ಸ್ಕೂಟರಿನ ಹಿಂದೆಯೇ ಕುಳಿತವಳು. "ನಿಮ್ಮ ಬೆನ್ನು ನೋಡಿ ನೋಡಿ ಸಾಕಾಗೈತಿ. ಈ ಗಾಡಿ ತಗೊಂಡ್ರ ನಾ ಬಾಜೂಕ ಕುಂತು ಮುದಗಲ್‌ತನಕ ಹೋಗಬೇಕು, ನೋಡ್ರಿ" ಎಂದಿದ್ದಳು. ಮುದಗಲ್ ಆಕೆಯ ತವರು. ಕೋಟೆ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ, ಕುಳಿತಲ್ಲೇ ಫೋಟೊ ತೆಗೆಸಿಕೊಳ್ಳಬೇಕು ಎಂಬುದು ಆಕೆಯ ಲೆಕ್ಕಾಚಾರ. ಅದಕ್ಕೆಂದೇ ತಲೆಗೆ ಕಟ್ಟಿಕೊಳ್ಳಲು ಒಂದು ನೀಲಿ ಸ್ಕಾರ್ಫು ಕೊಂಡಿದ್ದಳು.

ಎರಡು ಕಾರುಗಳು ಮಾರಾಟಕ್ಕಿವೆ ಎಂದು ತಿಳಿಯಿತು. ಒಂದು ಲಿಂಗಸೂಗೂರಿನಲ್ಲಿ, ಇನ್ನೊಂದು ಮಸ್ಕಿಯಲ್ಲಿ. ಎರಡೂ ಇಂಗ್ಲೆಂಡಿನವು, ಎರಡೇ ಸೀಟಿನವು. ಎರಡೂ ಹೈದರಾಬಾದಿನ ನವಾಬರ ಮನೆಯವು ಎಂದು ಇಬ್ಬರು ಮಾಲೀಕರೂ ಫೋನಿನಲ್ಲಿ ಆಣೆ ಮಾಡಿದರು. ನಮ್ಮ ಭಾಗದಲ್ಲಿ ತುಕ್ಕು ಹಿಡಿದದ್ದೆಲ್ಲ ನವಾಬರದೇ. ಬರುವಾಗ ಕಾರಿನಲ್ಲೇ ಬರುವುದೆಂದು ಹೋಗುವಾಗ ಬಸ್ಸಿನಲ್ಲಿ ಹೋದೆವು. ನನ್ನ ಚೀಲದಲ್ಲಿ ಇಂಚಿನ ಅಳತೆಯ ಪಾನಾಗಳಿದ್ದವು. ಹಳೆಯ ಇಂಗ್ಲೆಂಡ್ ಗಾಡಿಗಳ ಬೋಲ್ಟಿಗೆ ಈಗಿನ ಮಿಲಿಮೀಟರ್ ಪಾನಾ ಕೂರುವುದಿಲ್ಲ.

ಲಿಂಗಸೂಗೂರಿನ ಕಾರು ಕೆಂಪಗೆ ಮಿಂಚುತ್ತಿತ್ತು. ಬಾಗಿಲಿಗೆ ಬೆರಳ ಗಿಣ್ಣಿನಿಂದ ಬಡಿದೆ. ತಗಡಿನ ಸದ್ದೇ ಬರಲಿಲ್ಲ. ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಬಾನೆಟ್ ಎತ್ತಿದರೆ ಒಳಗೆ ಯಾವುದೋ ವ್ಯಾನಿನ ಎಂಜಿನ್ನು ಹಗ್ಗ ಕಟ್ಟಿಸಿಕೊಂಡು ಕುಳಿತಿತ್ತು. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಬಾಗಿಲಿನ ಒಳಮೈಗೆ ಗುಟ್ಕಾ ಉಗುಳು ಹರಿದು ಒಣಗಿತ್ತು. ಟಾಪಿನ ಜಾಗದಲ್ಲಿ ಭತ್ತ ಒಣಗಿಸುವ ತಾಡಪತ್ರಿ ಮಡಚಿಟ್ಟಿದ್ದರು. ಅದನ್ನು ಸರಿಸಿದಾಗ ಇಲಿಯ ಹಿಕ್ಕೆ ಸುರಿಯಿತು. ಇಂಥ ಗಾಡಿ ಮಾಡಿದವನ ಕೈ ನೆನೆದು ನನಗೆ ನಾಚಿಕೆಯಾಗುತ್ತದೆ, ಇದನ್ನು ಹಾಳು ಮಾಡಿದವನಿಗೆ ಆಗುವುದಿಲ್ಲ.

"ಎಲ್ಲಾ ಒರಿಜಿನಲ್ ಐತ್ರಿ ಸಾಹೇಬ್ರ" ಎಂದ ಮಾಲೀಕ.

"ಉಗುಳೂ ಒರಿಜಿನಲ್ಲೇನ್ರೀ?" ಎಂದು ನನ್ನ ಹೆಂಡತಿ ಕೇಳಿದಳು.

ಅವನು ನಕ್ಕು ಚಹಾ ತರಿಸಿದ. ಸುಳ್ಳುಗಾರ, ಆದರೆ ಆಕೆಗೆ ಬಾಗಿಲು ತೆರೆದು, ಸೀಟು ಒರೆಸಿ, "ಕುಂದರ್ರಿ ಅಕ್ಕಾರ" ಎಂದು ಕೂರಿಸಿದ್ದ. ಅದು ಆಗ ನನಗೆ ದೊಡ್ಡ ವಿಷಯ ಎನ್ನಿಸಲಿಲ್ಲ.

ಮಸ್ಕಿಯ ಕಾರು ಅಕ್ಕಿ ಗೋದಾಮಿನ ಪಕ್ಕದ ಶೆಡ್ಡಿನಲ್ಲಿತ್ತು. ಕಡುಹಸಿರು. ತಗಡು ತಗಡಿನಂತೆಯೇ ಸದ್ದು ಮಾಡಿತು. ಎಂಜಿನ್ನು ಹುಟ್ಟಿದಾಗಿನದೇ. ಕೀಲಿ ತಿರುಗಿಸಿದಾಗ ಹೊರಟ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಮಾಲೀಕ ನನ್ನ ವಯಸ್ಸಿನವನೇ. ಹಣೆತುಂಬ ವಿಭೂತಿ, ತೂಕದ ಮಾತು. ವರ್ಷಕ್ಕೊಮ್ಮೆ ತಮ್ಮ ಮಠದ ಸ್ವಾಮಿಗಳಾದ ಅಜ್ಜಾರನ್ನು ಈ ಗಾಡಿಯಲ್ಲಿ ಕೂರಿಸಿ ಊರೊಳಗೆ ಮೆರವಣಿಗೆ ಮಾಡಿಸುತ್ತಿದ್ದರಂತೆ. ಈಗ ಅಜ್ಜಾರಿಗೆ ಹತ್ತಿ ಇಳಿಯಲು ಆಗುವುದಿಲ್ಲ, ಅದಕ್ಕೇ ಮಾರುತ್ತಿದ್ದ. ರೇಟು ಕುದುರಿತು. "ಸ್ಟೆಪ್ನಿ, ಜಾಕು, ಎಲ್ಲಾ ಗಾಡಿ ಕೂಡ ತಗೊಂಡು ಹೋಗ್ರಿ. ಒಂದು ಸೂಜಿನೂ ಇಟ್ಕೊಳ್ಳಂಗಿಲ್ಲ" ಎಂದ.

ನನ್ನ ಹೆಂಡತಿ ಸ್ಕಾರ್ಫು ಕಟ್ಟಿಕೊಂಡು ಎಡಗಡೆಯ ಬಾಗಿಲಿಗೆ ಕೈ ಹಾಕಿದಳು.

"ಅವ್ವಾರ, ಒಂಚೂರು ತಡೀರಿ" ಎಂದ ಅವನು. ನನ್ನ ಕಡೆ ತಿರುಗಿ, ಅದೇ ಸಾವಕಾಶದ ದನಿಯಲ್ಲಿ ಕೇಳಿದ: "ನೀವು ಯಾವ ಪೈಕಿ ಅಂತ ಹೇಳಲೇ ಇಲ್ಲಲ್ರಿ?"

ಈ ಪ್ರಶ್ನೆ ಹೊಸದಲ್ಲ. ಮನೆ ಬಾಡಿಗೆಗೆ ಕೇಳಿದಾಗ ಬಂದಿದೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನಿಂದ ಬಂದಿದೆ. ನಾನು ಮುಚ್ಚಿಡುವವನೂ ಅಲ್ಲ. ಬುದ್ಧನನ್ನು ಒಪ್ಪಿದ ಮನೆತನ, ಅದಕ್ಕೂ ಮೊದಲು ನಮ್ಮನ್ನು ಏನೆಂದು ಕರೆಯುತ್ತಿದ್ದರೋ ಅದನ್ನೂ ಹೇಳಿದೆ. ಅವನ ಮುಖ ಒಂದು ಚೂರೂ ಕೆಡಲಿಲ್ಲ. ಕೆಟ್ಟಿದ್ದರೆ ಚೆನ್ನಾಗಿತ್ತು.

"ತಪ್ಪು ತಿಳ್ಕೋಬ್ಯಾಡ್ರಿ. ನಾವೇನು ಅದನ್ನೆಲ್ಲಾ ನೋಡಂಗಿಲ್ಲ. ಗಾಡಿ ನಿಮ್ದ. ಆ ಎಡಗಡೆ ಸೀಟೊಂದು ನಮ್ಮಲ್ಲೇ ಇರ್ಲಿ. ಅಜ್ಜಾರು ಕುಂತಿದ್ದೈತಿ. ಮನ್ಯಾಗ ಹೆಣ್ಮಕ್ಕಳು ಒಪ್ಪಂಗಿಲ್ರಿ."

ಒಂದು ಸೂಜಿಯನ್ನೂ ಇಟ್ಟುಕೊಳ್ಳದ ಮನುಷ್ಯ ಸೀಟು ಇಟ್ಟುಕೊಳ್ಳಲು ಹೊರಟಿದ್ದ. ಬೇರೆಯವರು ಕೊಳ್ಳಲು ಬಂದಿದ್ದರೆ ಸೀಟು ಬಿಚ್ಚುತ್ತಿದ್ದೆಯಾ ಎಂದು ಕೇಳಬೇಕಿತ್ತು. ಕೀಲಿ ಅವನ ಎದೆಗೆ ಎಸೆದು ಬರಬೇಕಿತ್ತು. ಎಂಜಿನ್ನು ಇನ್ನೂ ಓಡುತ್ತಿತ್ತು, ಆ ಹಾಳು ಸದ್ದು ಕಿವಿಯಲ್ಲಿತ್ತು. ನಾನು ಹೇಳಿದ್ದು ಇಷ್ಟು: "ಸೀಟ್ ಇಲ್ದಂಗ ಆದ್ರ ರೇಟು ಕಡಿಮಿ ಆಗಬೇಕಲ್ರಿ."

ಥೂ ನನ್ನ ಜನ್ಮಕ್ಕೆ. ಇದನ್ನು ಬರೆಯುವಾಗಲೂ ಬಾಯಿ ಕಹಿಯಾಗುತ್ತಿದೆ.

ಅವನು ಸಂತೋಷದಿಂದ ರೇಟು ಇಳಿಸಿದ. ಅವನ ಟ್ರ್ಯಾಕ್ಟರ್ ಡ್ರೈವರ್ ಬಂದು ಸೀಟಿನ ಬೋಲ್ಟಿಗೆ ಪಾನಾ ಹಾಕಿದ. ನಾಲ್ಕೇ ಬೋಲ್ಟು. ಮಿಲಿಮೀಟರ್ ಪಾನಾ ಜಾರಿ ಜಾರಿ ಬೋಲ್ಟಿನ ಮೂಲೆಗಳು ಸವೆಯತೊಡಗಿದವು. ಫಿಟ್ಟರನ ಕಣ್ಣಿಗೆ ಅದು ಸಹಿಸಲಾಗದ ನೋಟ. ನಾನು ಚೀಲದಿಂದ ಇಂಚಿನ ಪಾನಾ ತೆಗೆದು ಮುಂದೆ ಬಂದೆ.

"ನೀವು ಬ್ಯಾಡ್ರಿ. ಅವನ ಕೈಯಾಗ ಕೊಡ್ರಿ, ಅವ ಬಿಚ್ತಾನ" ಎಂದ ಮಾಲೀಕ.

ಕೊಟ್ಟೆ. ಅಷ್ಟೇ ಅಲ್ಲ, ದೂರ ನಿಂತು ಹೇಳಿಕೊಟ್ಟೆ: "ಮೊದಲ ಹಿಂದಿನ ಎರಡು ಬಿಚ್ಚಪಾ. ಒಮ್ಮೆಗೇ ಜಗ್ಗಬ್ಯಾಡ." ಅವನು ನಾನು ಹೇಳಿದಂತೆಯೇ ಬಿಚ್ಚಿದ. ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ನನಗೆ ಒಳಗೊಳಗೇ ಸಮಾಧಾನ ಬೇರೆ. ಕೊನೆಯ ಬೋಲ್ಟು ಬಂದಾಗ ಅವರಿಬ್ಬರೂ ಚಪ್ಪಲಿ ಬಿಟ್ಟು, ಸೀಟನ್ನು ಆ ಕಡೆ ಈ ಕಡೆ ಹಿಡಿದು ಮನೆಯೊಳಗೆ ಒಯ್ದರು. ಖಾಲಿಯಾದ ಜಾಗದಲ್ಲಿ ಒಣಗಿದ ಹೂವು, ಕಪ್ಪಾದ ಬಾಳೆಹಣ್ಣಿನ ಸಿಪ್ಪೆ, ಜಿರಳೆಯ ಮೊಟ್ಟೆಗಳಿದ್ದವು. ಪೂಜ್ಯವಾದ ಸೀಟಿನ ಕೆಳಗೆ ಒಂದು ಸಲವೂ ಕಸಬರಿಗೆ ಆಡಿಸಿರಲಿಲ್ಲ.

ಬೇರೆ ಸೀಟು ಕೂರಿಸಬಹುದು, ಹೈದರಾಬಾದಿನ ಗುಜರಿಯಲ್ಲಿ ಸಿಗುತ್ತದೆ ಎಂದು ಹೆಂಡತಿಗೆ ಹೇಳಲು ತಿರುಗಿದೆ. ಆಕೆ ಅಲ್ಲಿರಲಿಲ್ಲ.

ಆಗ ನನಗೆ ಬುದ್ಧಿ ಬಂತು. ಒಳಗಿನಿಂದ ಮಾಲೀಕ ಹೊರಬರುವ ಮೊದಲೇ ಎಂಜಿನ್ನು ಬಂದ್ ಮಾಡಿ, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಹೊರಟೆ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಸಿಟ್ಟು ಬಂದದ್ದು ಆಕೆಗೆ. ನಾನು ಆಕೆಯ ಸಿಟ್ಟಿನ ಹಿಂದೆ ಓಡಿದವನು, ಅಷ್ಟೇ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಸ್ಕಾರ್ಫು ಬಿಚ್ಚಿ ಮುಖದ ಬೆವರು ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕುಳಿತೆ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಸಿಂಧನೂರಿನ ಬಸ್ಸೊಂದು ಬಂದು ತುಂಬಿಕೊಂಡು ಹೋಯಿತು. ನಾವಿಬ್ಬರೂ ಏಳಲಿಲ್ಲ.

"ಸೀಟಿಗೆ ಎಷ್ಟು ಕಡಿಮಿ ಮಾಡಿದನ್ರೀ ಅವಾ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ.

ಆಕೆ ಸ್ಕಾರ್ಫು ಮಡಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಜಾಗ ಬರೇ ಅಷ್ಟಕ್ಕ ಬಿಟ್ಟುಕೊಟ್ರೇನ್ರೀ?"