ಗಿರಿಜಮ್ಮನವರ ತೆರೆದ ಲೈನು

ಪೊಲೀಸರು ಬರಬಹುದಿತ್ತು. ಯಾರೋ ಆ ಇಂಟರ್‌ನೆಟ್ ಲೈನಿನಿಂದ ಯಾರಿಗೋ ಬೆದರಿಕೆಯ ಮೇಲ್ ಕಳಿಸಿ, ಜೀಪು ಆಲ್ಕೊಳದ ನಮ್ಮ ಅಡ್ಡರಸ್ತೆಗೆ ತಿರುಗಿ, ಗಿರಿಜಮ್ಮನವರ ಮನೆಯ ಮುಂದೆ ನಿಂತು, ಅವರು ಪಕ್ಕದ ಮನೆಯ ಕಡೆ, ಅಂದರೆ ನನ್ನ ಕಡೆ, ಬೆರಳು ತೋರಿಸಬಹುದಿತ್ತು. ನನ್ನ ಕಂಪ್ಯೂಟರಿಗೆ ವೈರಸ್ ಹತ್ತಬಹುದಿತ್ತು. ನಾನು ಪಾಠ ಹೇಳುವ ಕಾಲೇಜಿನಲ್ಲಿ ಇಂಟರ್‌ನೆಟ್ ಕಳ್ಳ ಎಂದು ಹೆಸರಾಗಬಹುದಿತ್ತು. ಸಿಡಿಲು ಅವರ ಮನೆಯ ತಂತಿಗೆ ಬಡಿದು, ಅಲ್ಲಿಂದ ಗಾಳಿಯಲ್ಲೇ ನಡೆದು ಬಂದು ನನ್ನನ್ನು ಹುಡುಕಬಹುದಿತ್ತು. ಎರಡು ಮನೆಗಳ ನಡುವೆ ತಂತಿಯೇ ಇಲ್ಲದ ಮೇಲೆ ಅದು ಹೇಗೆ ಬರುತ್ತದೆ ಎಂದು ಹೆಂಡತಿ ಕೇಳಿದ್ದಳು. ನನಗೆ ಸಮಾಧಾನವಾಗಿರಲಿಲ್ಲ.

ಗಿರಿಜಮ್ಮನವರಿಗೆ ಇಂಥ ಯಾವ ಭಯವೂ ಇರಲಿಲ್ಲ. ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಒಂಟಿ ಹೆಂಗಸು. ಊರೂರಿನ ಕರೆಗಳನ್ನು ಕೈಯಾರೆ ಜೋಡಿಸುವ ಕಾಲ ಎಂದೋ ಮುಗಿದಿದ್ದರೂ ಅವರ ಕುತ್ತಿಗೆ ಮಾತ್ರ ಹೆಡ್‌ಫೋನ್ ಹಾಕಿಕೊಂಡವರ ಹಾಗೆ ಒಂದು ಕಡೆಗೆ ವಾಲಿಯೇ ಇತ್ತು. ಆಪರೇಟರ್ ಆದವಳು ಇಬ್ಬರ ಮಾತಿನ ನಡುವೆ ಬಂದರೆ "ಮಾತಾಡ್ತಾ ಇದ್ದೀರಾ?" ಎಂದು ಕೇಳಬೇಕು, ಕದ್ದು ಕೇಳಿಸಿಕೊಳ್ಳಬಾರದು. ಆ ಕೆಲಸದ ಧರ್ಮ ಅದು. ಗಿರಿಜಮ್ಮ ಅದನ್ನು ಮನೆಗೂ ತಂದಿದ್ದರು. ನಾವು ಗಂಡ ಹೆಂಡತಿ ಅಂಗಳದಲ್ಲಿ ಜಗಳವಾಡುತ್ತಿದ್ದರೆ ಕಾಂಪೌಂಡಿನ ಆಚೆಯಿಂದ "ಮಾತಾಡ್ತಾ ಇದ್ದೀರಾ?" ಎಂಬ ದನಿ ಬರುತ್ತಿತ್ತು. ಹೌದೆಂದರೆ ಒಳಗೆ ಹೋಗಿಬಿಡುತ್ತಿದ್ದರು. ಯಾರೋ ನಿಮಿಷ ಎಣಿಸುತ್ತಿದ್ದಾರೆ ಅನ್ನಿಸಿ ನಮ್ಮ ಜಗಳವೂ ಬೇಗ ಮುಗಿಯುತ್ತಿತ್ತು.

ನಿವೃತ್ತರ ರಿಯಾಯಿತಿಯಲ್ಲಿ ಅವರ ಮನೆಗೆ ಇಂಟರ್‌ನೆಟ್ ಬಂತು. ಭದ್ರಾವತಿಯಲ್ಲಿದ್ದ ತಂಗಿಯ ಮಗ ಬಂದು ವೈಫೈ ಡಬ್ಬಿ ಕೂರಿಸಿದ, ಪಾಸ್‌ವರ್ಡ್ ಹಾಕದೆ ಹೋದ. ನಾನು ಹೊಸ ಲ್ಯಾಪ್‌ಟಾಪ್ ತೆರೆದ ದಿನ ಅದು ನನ್ನನ್ನು ಒಂದು ಮಾತೂ ಕೇಳದೆ ಅವರ ಲೈನಿಗೆ ಹೋಗಿ ಕೂತಿತ್ತು. ನಾನು ಬೆವೆತು, ಅದನ್ನು ಮುಚ್ಚಿಟ್ಟು, ಶರ್ಟು ಬದಲಿಸಿ ಅನುಮತಿ ಕೇಳಲು ಹೊರಟೆ.

"ಕದಿಯೋಕೂ ಅರ್ಜಿ ಹಾಕೋ ಮನುಷ್ಯ ಶಿವಮೊಗ್ಗದಲ್ಲಿ ಇವರೊಬ್ರೇ," ಅಂದಳು ಹೆಂಡತಿ.

ಗಿರಿಜಮ್ಮ ಪೂರ್ತಿ ಕೇಳಿಸಿಕೊಂಡರು. "ಉಪಯೋಗಿಸ್ಕೊಳಿ ಮೇಷ್ಟ್ರೆ. ಲೈನಲ್ಲಿ ಇರೋದು ತಪ್ಪಲ್ಲ, ಇದ್ದೀನಿ ಅಂತ ಹೇಳ್ದೆ ಇರೋದು ತಪ್ಪು. ಬರುವಾಗ ಒಂದು ಮಾತು, ಹೋಗುವಾಗ ಒಂದು ಮಾತು."

"ಕಾನೂನು ಏನು ಹೇಳುತ್ತೋ ಅಮ್ಮ."

"ಕೇಳಿದ್ರೆ ನಾನೇ ಕನೆಕ್ಷನ್ ಕೊಟ್ಟೆ ಅಂತೀನಿ. ಜೀವನ ಪೂರ್ತಿ ಅದೇ ಮಾಡಿದ್ದಲ್ವ."

ಅಂದಿನಿಂದ ಪ್ರತಿ ಸಂಜೆ ನಾನು ಕಾಂಪೌಂಡಿನ ಬಳಿ ನಿಂತು "ಬರ್ತಾ ಇದ್ದೀನಿ ಅಮ್ಮ" ಎಂದು ಕೂಗಿ ನನ್ನ ಮನೆಯೊಳಕ್ಕೇ ಹೋಗುತ್ತಿದ್ದೆ. ದಾರಿಹೋಕರು ನಿಂತು ನೋಡುತ್ತಿದ್ದರು.

ಒಂದು ರಜೆಯ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಬೇರೆಯವರು ಟೀವಿಯ ಮುಂದೆ ಕೂರುವ ಹಾಗೆ ಅವರು ಡಬ್ಬಿಯ ಮುಂದೆ ಕೂತಿದ್ದರು. ಅವರ ಕಂಪ್ಯೂಟರು ಆರಿತ್ತು, ನನ್ನದೂ ಆರಿತ್ತು. ಡಬ್ಬಿಯ ಹಸಿರು ದೀಪ ಮಿಣುಕತೊಡಗಿತು.

"ಬಂದ್ರು," ಅಂದರು.

"ಯಾರು?"

"ಗೊತ್ತಿಲ್ಲ. ದಿನಾ ಊಟ ಆದ್ಮೇಲೆ ಬರ್ತಾರೆ. ಹೇಳಲ್ಲ."

"ಹೇಳ್ದೆ ಬರೋದು ತಪ್ಪು ಅಂದಿದ್ರಿ."

"ಕೆಲವರಿಗೆ ಬಾಯಿ ಬರಲ್ಲ ಮಾರಾಯ್ರೆ."

ಯಾರದ್ದೋ ವೈಫೈನಿಂದ ಯಾರೋ ಮೇಲ್ ಕಳಿಸಿ, ಪಾಪದವರ ಮನೆಗೆ ಪೊಲೀಸರು ನುಗ್ಗಿದ ಸುದ್ದಿಗಳು ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ. ಈಗಲೇ ಪಾಸ್‌ವರ್ಡ್ ಹಾಕೋಣ ಅಂದೆ. ಅವರು ತಲೆಯಾಡಿಸಿ, ದೀಪದಿಂದ ಕಣ್ಣು ತೆಗೆಯದೆ, ಒಂದು ಹಳೆಯ ಸಂಗತಿ ಹೇಳಿದರು.

ಭದ್ರಾವತಿಯ ಕಾಗದನಗರದ, ಪೇಪರ್ ಮಿಲ್ಲಿನ ಕ್ವಾರ್ಟರ್ಸಿನ ಒಬ್ಬಾಕೆ ದೂರದ ಆಸ್ಪತ್ರೆಯಲ್ಲಿದ್ದ ಗಂಡನ ಜೊತೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿದ್ದರಂತೆ. "ಲೈನ್ ಸಿಕ್ತು, ಕೊಟ್ಟೆ. ಸ್ವಲ್ಪ ಹೊತ್ತಾದ್ಮೇಲೆ ನೋಡಿದ್ರೆ ಎರಡೂ ಕಡೆ ಸದ್ದಿಲ್ಲ. ಮಾತಾಡ್ತಾ ಇದ್ದೀರಾ ಅಂದೆ. ಉತ್ತರ ಇಲ್ಲ. ಮತ್ತೆ ಕೇಳ್ದೆ. ಲೈನ್ ಸತ್ತಿದೆ ಅಂದ್ಕೊಂಡು ವೈರ್ ಕಿತ್ತೆ. ಆಯಮ್ಮ ಎಕ್ಸ್‌ಚೇಂಜಿಗೇ ನಡ್ಕೊಂಡು ಬಂದ್ರು. ಬೈಲಿಲ್ಲ. 'ಅವರ ಉಸಿರು ಕೇಳ್ತಾ ಇದ್ದೆ ಕಣಮ್ಮ' ಅಂದ್ರು ಅಷ್ಟೇ. ಮತ್ತೆ ಲೈನ್ ಸಿಗೋ ಹೊತ್ತಿಗೆ ಆ ಕಡೆ ಮನುಷ್ಯ ಇರಲಿಲ್ಲ." ಸೀರೆಯ ಸೆರಗನ್ನು ಸರಿಮಾಡಿಕೊಂಡರು. "ಅವತ್ತಿಂದ ಸುಮ್ನಿರೋರ ಲೈನ್ ನಾನು ಕಿತ್ತಿಲ್ಲ ಮೇಷ್ಟ್ರೆ."

ಇದನ್ನು ಕೇಳಿದವನು ಸುಮ್ಮನಾಗಬೇಕಿತ್ತು. ಆದರೆ ಚಿಂತೆ ಮಾಡುವವನಿಗೆ ಕಥೆ ಔಷಧವಲ್ಲ. ಪತ್ರಿಕೆಯ ತುಣುಕುಗಳನ್ನು ಒಯ್ದು ತೋರಿಸಿದೆ. ರಸ್ತೆಯಲ್ಲಿ ಜೀಪು ಕಂಡರೆ ಹೋಗಿ ವರದಿ ಮಾಡಿದೆ. ಕೊನೆಗೆ ಅವರೇ ಸೋತರು. "ನಿಮ್ಮ ಮುಖ ನೋಡೋಕಾಗಲ್ಲ. ಅದೇನು ಹಾಕ್ತೀರೋ ಹಾಕಿ."

ಹಾಕಿದೆ. ಊಟವಾಯಿತು, ಹೊತ್ತು ಬಂತು. ದೀಪ ನೆಟ್ಟ ನೋಟದ ಹಾಗೆ ಅಲುಗದೆ ಉರಿಯುತ್ತಿತ್ತು. ಗಿರಿಜಮ್ಮ ಕುತ್ತಿಗೆ ವಾಲಿಸಿ, ಡಬ್ಬಿಯ ಹತ್ತಿರ ಬಾಗಿ, ಬಹಳ ಮೆಲ್ಲಗೆ "ಮಾತಾಡ್ತಾ ಇದ್ದೀರಾ?" ಅಂದರು. ಉತ್ತರಕ್ಕೆ ಕಾದರು.

ಮರುದಿನವೇ ಪಾಸ್‌ವರ್ಡ್ ತೆಗೆದೆ. ಆದರೆ ಆ ಮಧ್ಯಾಹ್ನದವರು ಮತ್ತೆ ಬರಲಿಲ್ಲ. ಕೆಲಸ ಹುಡುಕುವವರೋ, ದೂರದವರ ಜೊತೆ ಮಾತಾಡುವವರೋ, ಸುಮ್ಮನೆ ಸಿನಿಮಾ ನೋಡುವವರೋ, ತಿಳಿಯಲಿಲ್ಲ. ರಸ್ತೆಯಲ್ಲಿ ಸಿಕ್ಕ ಪ್ರತಿಯೊಬ್ಬರ ಮುಖವನ್ನೂ ನಾನು ಇವರೇ ಇರಬಹುದೇ ಎಂದು ನೋಡತೊಡಗಿದೆ. ಗಿರಿಜಮ್ಮ ಮಾತ್ರ ದಿನವೂ ಆ ಹೊತ್ತಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರನ್ನು ಭದ್ರಾವತಿಯ ತಂಗಿಯ ಮನೆಗೆ ಕರೆದೊಯ್ದರು. ಕೊನೆಯ ಸಲ ಅಲ್ಲಿಯೇ ನೋಡಿದ್ದು. ಮಲಗಿದ್ದರು.

"ಡಬ್ಬಿ ಆನ್ ಇದೆಯಾ?"

"ಇದೆ ಅಮ್ಮ. ಬೀಗದ ಕೈ ನಮ್ಮ ಹತ್ರಾನೇ ಇದೆ."

"ಬಂದ್ರಾ?"

"ಇಲ್ಲ."

"ಹೋಗ್ಲಿ. ನಿಮ್ಮ ಪೊಲೀಸರೂ ಬರ್ಲಿಲ್ವಲ್ಲ," ಎಂದು ಕಣ್ಣು ಮುಚ್ಚಿದರು. ಅವರ ಉಸಿರು ಕೇಳುತ್ತಿತ್ತು. ತಂಗಿ ಬಂದು ಕಾಫಿ ಕೊಡುವ ತನಕ ನಾನು ಕೂತ ಜಾಗದಿಂದ ಕದಲಲಿಲ್ಲ.

ಆ ಉಸಿರು ನಿಂತ ಸುದ್ದಿ ಕೆಲವು ದಿನಗಳಲ್ಲಿ ಬಂತು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ನಮ್ಮ ಮನೆಯಲ್ಲೂ ಒಂದು ಡಬ್ಬಿ ಇದೆ, ಅದಕ್ಕೆ ಪಾಸ್‌ವರ್ಡ್ ಹಾಕಿಲ್ಲ. ಹೆಂಡತಿ ಬೈಯುತ್ತಾಳೆ. ರಜೆಯ ಮಧ್ಯಾಹ್ನ ನಾನು ಅದರ ಮುಂದೆ ಕೂರುತ್ತೇನೆ, ಬೆವರುತ್ತಲೇ.

ಪೊಲೀಸರು ಬರಲಿಲ್ಲ. ವೈರಸ್ ಹತ್ತಲಿಲ್ಲ. ಕಾಲೇಜಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಸಿಡಿಲು ನನ್ನನ್ನು ಹುಡುಕಿಕೊಂಡು ಬರಲಿಲ್ಲ. ಆಗಿದ್ದು ಇಷ್ಟೇ: ಒಂದು ಮಧ್ಯಾಹ್ನ, ಮಿಣುಕಬೇಕಾದ ಹೊತ್ತಿಗೆ, ಒಂದು ಹಸಿರು ದೀಪ ಮಿಣುಕಲಿಲ್ಲ.