ದೋಣಿಗೆ ಹೊಲಿದ ಹುಡ್

ನನ್ನ ಗಂಡನನ್ನು ಎದುರಿಗೆ ನಾನು ‘ರೀ’ ಎಂದೇ ಕರೆಯುವುದು. ಇಲ್ಲಿ ‘ಅವನು’ ಎಂದು ಬರೆಯುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನಾವು ಧಾರವಾಡದಿಂದ ವಾಸ್ಕೋಗೆ ಬಂದು ಹನ್ನೆರಡು ವರ್ಷವಾಯಿತು. ಅವನು ಒಂದು ಕಂಪನಿಯಲ್ಲಿ ಇಂಜಿನಿಯರ್, ನಾನು ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮೂರು ವರ್ಷದ ಹಿಂದೆ ಅವನು, ತನ್ನ ದೇಶಕ್ಕೆ ಮರಳುತ್ತಿದ್ದ ವಿದೇಶಿಯೊಬ್ಬನಿಂದ ಹಳೆಯ ಹಾಯಿದೋಣಿ ಕೊಂಡ. ನಾಲ್ಕು ಜನ ಒತ್ತಿಕೊಂಡು ಕೂರುವಷ್ಟು ಸಣ್ಣದು. ಅಂದಿನಿಂದ ನಮ್ಮ ಭಾನುವಾರಗಳೆಲ್ಲ ಅದಕ್ಕೇ ಹೋದವು. ದಡದಲ್ಲಿ ನಿಂತು ನೋಡುವವರಿಗೆ ಹಾಯಿದೋಣಿ ಬಲು ಚಂದ. ಒಳಗೆ ಕೂತವರ ಪಾಡು ಬೇರೆ. ಗಾಳಿಗೆ ಎದುರಾಗಿ ಹೊರಟರೆ ದೋಣಿಯ ಮೂತಿ ಪ್ರತಿ ಅಲೆಗೂ ಬಡಿಯುತ್ತದೆ. ಬಡಿದ ನೀರು ಹಾರಿ ಬಂದು ಮುಖಕ್ಕೇ ರಾಚುತ್ತದೆ. ಕಣ್ಣು ಉರಿಯುತ್ತದೆ, ಕಿವಿ ನೋಯುತ್ತದೆ. ಮನೆಯಿಂದ ಒಯ್ದ ಚಪಾತಿ ಉಪ್ಪುನೀರಲ್ಲಿ ನೆನೆದು ಹಿಟ್ಟಾಗುತ್ತದೆ. ಅದೇ ಅದರ ಮಜಾ ಎಂದು ಅವನು ಹೇಳುತ್ತಿದ್ದ.

ಎರಡು ವರ್ಷ ಆ ಮಜಾ ತಿಂದು, ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ದೊಡ್ಡ ಹಾಯಿದೋಣಿಗಳ ಮುಂಭಾಗದಲ್ಲಿ ಬಟ್ಟೆಯ ಗೂಡಿನಂಥದೊಂದು ಇರುವುದನ್ನು ನೋಡಿದ್ದೆ. ಬಾಗಿಸಿದ ಎರಡು ಪೈಪು, ಮೇಲೆ ದಪ್ಪ ತಾಡಪತ್ರಿ, ಮುಂದೆ ನೋಡಲು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ. ಅದರ ಹಿಂದೆ ಕೂತವರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ನಮ್ಮ ದೋಣಿಯ ಅಳತೆ ತೆಗೆದು ಹಳೆ ಪತ್ರಿಕೆಯಲ್ಲಿ ಕತ್ತರಿಸಿಟ್ಟುಕೊಂಡೆ. ನನ್ನ ಹೊಲಿಗೆ ಯಂತ್ರದಲ್ಲಿ ನಾಲ್ಕು ಸೂಜಿ ಮುರಿದ ಮೇಲೆ, ಪೇಟೆಯಲ್ಲಿ ರಿಕ್ಷಾಗಳಿಗೆ ಹುಡ್ ಹೊಲಿಯುವ ಇಳಕಲ್ಲಿನವನೊಬ್ಬನ ಹತ್ತಿರ ಹೋದೆ. ಆತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದು ರಿಕ್ಷಾಕ್ಕ ಹೊಲಿಯೂ ಹಂಗs ಐತ್ರೀ ಅಕ್ಕಾರ. ಗಾಳಿ ಒಳಗ ಹೊಕ್ಕು ಉಬ್ಬಬಾರ್ದು, ಅಷ್ಟ ನೋಡ್ಕೊಬೇಕು” ಎಂದ.

ಮೂರು ಶನಿವಾರ ಆತನ ಅಂಗಡಿಯಲ್ಲೇ ಕೂತೆ. ಅಂಚು ಮಡಚಿ ಹಿಡಿಯುವುದು, ಗುರುತು ಹಾಕುವುದು ನನ್ನ ಕೆಲಸ. ಯಂತ್ರ ಓಡಿಸುವುದು ಆತನ ಕೆಲಸ. ಕಿಟಕಿಯ ಸುತ್ತಲ ಹೊಲಿಗೆಯನ್ನು ಮಾತ್ರ ಹಟ ಹಿಡಿದು ಆತನ ಯಂತ್ರದಲ್ಲಿ ನಾನೇ ಹಾಕಿದೆ. ಹೊಲಿಗೆ ಸ್ವಲ್ಪ ಸೊಟ್ಟಗಾಗಿತ್ತು. ನೀರೇನೂ ಸೋರಲಿಲ್ಲ.

ಅದನ್ನು ಕೂರಿಸಿದ ಮೊದಲ ಭಾನುವಾರ ಎಷ್ಟೋ ದಿನದ ಮೇಲೆ ನನಗೆ ದೋಣಿಯಲ್ಲಿ ನೆಮ್ಮದಿ ಸಿಕ್ಕಿತು. ನೀರು ತಾಡಪತ್ರಿಗೆ ಬಡಿದು ಎರಡೂ ಬದಿಗೆ ಹರಿದುಹೋಗುತ್ತಿತ್ತು. ಒಳಗೆ ಎಂಥ ಸದ್ದಿಲ್ಲದ ಜಾಗ. ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ಒದ್ದೆಯಾಗದ ಕೈಯಿಂದ ತಿಂದೆ. ಚುಕ್ಕಾಣಿ ಹಿಡಿದಿದ್ದ ಅವನೂ ದೊಡ್ಡ ಅಲೆ ಬಂದಾಗಲೆಲ್ಲ ತಲೆ ಬಗ್ಗಿಸಿ ಅದರ ಮರೆಗೆ ಬರುತ್ತಿದ್ದ.

ದೋಣಿ ಕಟ್ಟುವ ಜೆಟ್ಟಿಯಲ್ಲಿ ಅವನ ದೋಣಿ ಗೆಳೆಯರು ನಕ್ಕರು. ಇದಕ್ಕೆ ಮೀಟರ್ ಯಾವಾಗ ಹಾಕಿಸುತ್ತೀ ಎಂದು ಒಬ್ಬ ಕೇಳಿದ. ನಾನೂ ನಕ್ಕೆ. ಅವನು ನಗಲಿಲ್ಲ.

ಜನವರಿಯಲ್ಲಿ ನಮ್ಮತ್ತೆ ಧಾರವಾಡದಿಂದ ಬಂದರು. ಎಪ್ಪತ್ತೊಂದು ವಯಸ್ಸು. ಒಂದೂವರೆ ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದರು. ಮಗನ ದೋಣಿ ಏರಬೇಕೆಂಬ ಆಸೆ ಅವರಿಗೆ, ಕಣ್ಣಿಗೆ ನೀರು ಸಿಡಿದರೇನು ಎಂಬ ಅಂಜಿಕೆಯೂ. ಒಂದು ಹನಿಯೂ ಬೀಳುವುದಿಲ್ಲ, ಹುಡ್ ನಾನೇ ಹೊಲಿದದ್ದು ಎಂದು ಹೇಳಿ ಒಪ್ಪಿಸಿದವಳು ನಾನು.

ಭಾನುವಾರ ಬೆಳಿಗ್ಗೆ ಜೆಟ್ಟಿಗೆ ಹೋಗಿ ನೋಡಿದರೆ ಹುಡ್ ಇರಲಿಲ್ಲ. ಸ್ಕ್ರೂ ಇದ್ದ ತೂತುಗಳಿಗೆ ಪುಟ್ಟಿಯಂಥ ಬಿಳಿ ಲಾಂಬಿ ತುಂಬಿ, ಒರೆಸಿ ನುಣುಪು ಮಾಡಲಾಗಿತ್ತು. ಅದೆಲ್ಲಿ ಎಂದು ಮೆಲ್ಲಗೆ ಕೇಳಿದೆ. ಇವತ್ತು ಹವೆ ಚೆನ್ನಾಗಿದೆ, ಬೇಕಾಗುವುದಿಲ್ಲ ಎಂದ. ಅಲ್ಲೇ ನಾನು ಹಿಂದಕ್ಕೆ ತಿರುಗಬೇಕಿತ್ತು. ಅತ್ತೆಯ ಎದುರು ಜಗಳ ಬೇಡವೆಂದು ಬಾಯಿ ಮುಚ್ಚಿಕೊಂಡು ಹತ್ತಿದೆ. ಆ ಸಿಟ್ಟು ನನ್ನ ಮೇಲೆಯೇ ಇದೆ.

ಜುವಾರಿ ನದಿಯಲ್ಲಿ ಸೇತುವೆಯ ಕಡೆಗೆ ಹೋಗುವಾಗ ಎಲ್ಲ ಸುಸೂತ್ರವಾಗಿತ್ತು. ಗಾಳಿ ಬೆನ್ನಿಗಿತ್ತು. ಅತ್ತೆ ದಡದ ತೆಂಗು, ಚರ್ಚು ಎಲ್ಲವನ್ನೂ ಹೊಸ ಕಣ್ಣಿನಿಂದ ನೋಡುತ್ತ ಖುಷಿಯಾಗಿದ್ದರು. ಮಧ್ಯಾಹ್ನ ತಿರುಗಿ ಹೊರಟಾಗ ಸಮುದ್ರದ ಗಾಳಿ ಜೋರಾಗಿ, ಎದುರಿಗೆ ಬಂತು. ಇಳಿತದ ನೀರು ಸಮುದ್ರದತ್ತ ಓಡುತ್ತಿತ್ತು, ಗಾಳಿ ಸಮುದ್ರದಿಂದ ನುಗ್ಗುತ್ತಿತ್ತು. ಎರಡೂ ಗುದ್ದಾಡಿ ನೀರೆಲ್ಲ ಗುಡ್ಡಗುಡ್ಡವಾಗಿ ಎದ್ದಿತು. ಮೊದಲ ಅಲೆಗೇ ಅತ್ತೆಯ ಸೀರೆ ತೊಯ್ದು ಮೈಗಂಟಿತು. ಎರಡನೆಯದಕ್ಕೆ ಅವರು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡರು.

“ನೀ ಹೊಲದೇನಿ ಅಂದಿದ್ಯಲ್ಲ, ಅದೆಲ್ಲಿ?” ಎಂದು ನನ್ನನ್ನು ಕೇಳಿದರು.

“ತಗದಾರ್ರೀ” ಎಂದೆ.

ಅವರು ಮಗನತ್ತ ತಿರುಗಿ ಯಾಕೆ ಎಂದರು. ಅವನು ಹಾಯಿಯನ್ನೇ ನೋಡುತ್ತ, “ಚಂದ ಕಾಣ್ತಿದ್ದಿಲ್ಲವ್ವಾ” ಎಂದ.

ಅತ್ತೆಯನ್ನು ದೋಣಿಯ ತಳಕ್ಕೆ ಇಳಿಸಿ ಕೂರಿಸಿದೆ. ಮೂತಿಯ ಕಡೆಗೆ ಬೆನ್ನು ಮಾಡಿ ಅವರ ಮುಂದೆ ಮಂಡಿಯೂರಿದೆ. ನನ್ನ ದುಪಟ್ಟಾವನ್ನು ಅವರ ತಲೆಯಿಂದ ಗಲ್ಲದವರೆಗೆ ಸುತ್ತಿ, ಎರಡೂ ಕೈ ಅಗಲಿಸಿ ದೋಣಿಯ ಅಂಚುಗಳನ್ನು ಹಿಡಿದುಕೊಂಡೆ. ಪ್ರತಿ ಅಲೆಯೂ ಬೆನ್ನಿಗೆ ಬಿದ್ದು ಕುತ್ತಿಗೆಯಿಂದ ಒಳಗಿಳಿಯುತ್ತಿತ್ತು. ಮುಂದಿನದು ಕಾಣಿಸುತ್ತಿಲ್ಲ, ಪಕ್ಕಕ್ಕೆ ಸರಿ ಎಂದು ಅವನು ಗದರಿದ. ಹದಿನೇಳು ವರ್ಷದ ಸಂಸಾರದಲ್ಲಿ ಹಾಗೆ ನಾನು ಉತ್ತರ ಕೊಟ್ಟದ್ದು ಅದೇ ಮೊದಲು.

“ನಾ ಸರಿಯೂದಿಲ್ರೀ. ನೀವು ನಿಂತು ನೋಡ್ರಿ, ನೀವು ತೊಯ್ಸಿಕೊಳ್ರಿ.”

ಅವನು ನಿಂತ. ನಿಂತೇ ದಡ ಸೇರಿಸಿದ. ಒಂದೂವರೆ ತಾಸು ಹಿಡಿಯಿತು.

ಅತ್ತೆಯ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಡಾಕ್ಟರು ನೋಡಿ, ಒಳಗೆ ಏನೂ ಆಗಿಲ್ಲ, ಹನಿ ಹಾಕಿ ಎಂದರು. ಕಣ್ಣು ಉಳಿಯಿತು, ಆದರೆ ಐದು ದಿನ ಜ್ವರ ಬಂತು. ಗಂಜಿ ಕುಡಿಸಲು ಕೂತಾಗ ಅತ್ತೆ, ಅವನಿಗೆ ಗೊತ್ತಾಗಲಿಲ್ಲ, ಬಿಟ್ಟುಬಿಡು ಎಂದರು. ಆ ಮಾತಿಗೆ ನನಗೆ ಇನ್ನಷ್ಟು ಉರಿಯಿತು. ಗೊತ್ತಾಗದೆ ಏನು? ನೆನೆಯುವುದೆಂದರೆ ಏನೆಂದು ಎರಡು ವರ್ಷ ನೆನೆದ ಅವನಿಗೆ ಗೊತ್ತಿತ್ತು.

ಮುಂದಿನ ಸೋಮವಾರ ಅರ್ಧ ದಿನ ರಜೆ ಹಾಕಿ ಹುಡ್ ಹುಡುಕಲು ಜೆಟ್ಟಿಗೆ ಹೋದೆ. ನಾನು ಹೊಲಿದ ತಾಡಪತ್ರಿ ಅಲ್ಲಿಯ ಕಾವಲುಗಾರನ ಬೈಕಿನ ಮೇಲಿತ್ತು. ಆತ ವಿಜಯಪುರದ ಕಡೆಯವನು. ಸಾಹೇಬರೇ ಕೊಟ್ಟರು, ಬೇಡದ್ದು ಅಂದರು ಎಂದ. ಆತನದೇನು ತಪ್ಪು? ನನ್ನ ಮುಖ ನೋಡಿ, ತಾನೇ ಅದನ್ನು ಕೊಡವಿ ಮಡಚಿ ಕೈಗಿಟ್ಟ. ಪೈಪುಗಳು ಶೆಡ್ಡಿನ ಹಿಂದೆ ಹುಲ್ಲಿನಲ್ಲಿ ಬಿದ್ದಿದ್ದವು.

ಬುಧವಾರ ಸಂಜೆ ಇಳಕಲ್ಲಿನವನನ್ನು ಕರೆದುಕೊಂಡು ಹೋಗಿ ಮತ್ತೆ ಕೂರಿಸಿದೆ. ಈ ಸಲ ಸ್ಕ್ರೂ ಬೇಡವೆಂದೆ. ಆಚೆಯಿಂದ ಈಚೆಗೆ ತೂತು ಕೊರೆದು, ಬೋಲ್ಟು ಹಾಕಿ, ಒಳಗಿನಿಂದ ನಟ್ಟು ಬಿಗಿದೆವು. ಬಿಚ್ಚಬೇಕಾದರೆ ಇಬ್ಬರು ಬೇಕು, ಅರ್ಧ ದಿನವೂ ಬೇಕು. ಹಾಗೇ ಆಗಲೆಂದು ಮಾಡಿದ್ದು.

ಅದನ್ನು ಕಂಡಾಗ ಅವನು, ಒಂದು ಮಾತು ಕೇಳಿ ಮಾಡಬಹುದಿತ್ತು ಎಂದ. ನೀವು ತೆಗೆಯುವಾಗ ಕೇಳಿದಿರಾ ಎಂದೆ. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ.

ಮುಗಿಯಲಿಲ್ಲ. ಫೆಬ್ರವರಿಯ ಒಂದು ಭಾನುವಾರ, ಮೀಟರಿನ ಮಾತಾಡಿದ್ದ ಅದೇ ಗೆಳೆಯ ದೋಣಿಯನ್ನು ನೋಡಿ, ಇದು ಕೆಲಸಕ್ಕೆ ಬರುವ ವಸ್ತು, ನನ್ನ ಹೆಂಡತಿಯೂ ಕೇಳುತ್ತಿದ್ದಾಳೆ ಎಂದ. ನನ್ನ ಗಂಡ ಪೈಪಿನ ಮೇಲೆ ಕೈಯಿಟ್ಟು, ಅವ್ವನ ಸಲುವಾಗಿ ಮಾಡಿಸಿದೆ ಎಂದು ಹೇಳಿದ. ಅಳತೆ ಹೇಗೆ ತೆಗೆಯಬೇಕು ಎಂಬುದನ್ನೂ ವಿವರಿಸತೊಡಗಿದ. ನಾನು ಡಬ್ಬಿಯ ಚೀಲವನ್ನು ಕೆಳಗಿಟ್ಟೆ.

“ಇದನ್ನ ನಾ ಹೊಲದೇನ್ರೀ” ಎಂದೆ, ಆ ಗೆಳೆಯನಿಗೆ. “ಇವರು ಕಿತ್ತು ಬೈಕಿಗೆ ಹೊದಿಸಾಕ ಕೊಟ್ಟಿದ್ರು. ಇವರ ಅವ್ವ ತೊಯ್ದು ಐದು ದಿನ ಮಲಗಿದ್ರು. ಅಳತಿ ಬೇಕಾದ್ರ ನನ್ನ ಕಡೆ ಅದಾವು.”

ಗೆಳೆಯ ಫೋನ್ ತೆಗೆದು ನೋಡುತ್ತ ನಿಂತ. ಜೊತೆಗೆ ಬಂದಿದ್ದ ಆತನ ಹೆಂಡತಿ ಮಾತ್ರ ಆಮೇಲೆ ನನ್ನ ನಂಬರ್ ಕೇಳಿ ಬರೆದುಕೊಂಡಳು.

ಅವತ್ತು ದೋಣಿ ಬಿಡಲಿಲ್ಲ. ಕಾರಿನಲ್ಲಿ ಅವನು, ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದೆ ಎಂದ. ಸುಳ್ಳು ಹೇಳಿದ್ದಕ್ಕೆ ಅವನಲ್ಲಿ ಒಂದು ಮಾತೂ ಇರಲಿಲ್ಲ. ನಾನು ಕಿಟಕಿ ಏರಿಸಿದೆ. ಹೇಳಿದ್ದಕ್ಕೆ ನನಗೆ ಸಮಾಧಾನವೇನೂ ಆಗಲಿಲ್ಲ, ಪಶ್ಚಾತ್ತಾಪವೂ ಆಗಲಿಲ್ಲ.